ಹೊಂದಾಣಿಕೆ ಪಾಠದ ಮೇಡಂ

ಜಗಳ ಶುರುವಾಗೋ ಮೊದಲೇ ಗಂಡ-ಹೆಂಡತಿಯನ್ನು ಸರಿಮಾಡೋ ಕೆಲಸಕ್ಕೆ ಸೇರಿದ ಮೇಲೆ ಇಂಥವು ವಾರಕ್ಕೆರಡಾದರೂ ನಡೆಯೋವೇ. ಬೇಲೂರಿನ ಒಂದು ಪುಟ್ಟ ಆಫೀಸಿನಲ್ಲಿ ನಾನು ಕೂರೋದು. ದಂಪತಿಗಳು ಮೊಬೈಲಿನಲ್ಲಿ ಆರು ಪಾಠ ನೋಡಿ, ಇಬ್ಬರೂ ಬೇರೆಬೇರೆಯಾಗಿ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು, ನಾವು ಫೋನ್ ಮಾಡಿ ವಿಚಾರಿಸಬೇಕು. ಮಾತಾಡುವಾಗ ನಗು ಬರುತ್ತೆ. ಫೋನ್ ಇಟ್ಟಮೇಲೆ ಯಾಕೋ ಸಂಕಟ.

ಇಬ್ಬರ ಪರವಾಗಿ

ಹಗರೆ ಕಡೆಯ ರೈತರೊಬ್ಬರು ಒಂದೇ ವಾರದಲ್ಲಿ ಆರೂ ಪಾಠ ಮುಗಿಸಿದ್ದರು. ಖುಷಿಯಿಂದ ಫೋನ್ ಮಾಡಿದೆ.

"ನಿಮ್ಮ ಮನೆಯವರೂ ನೋಡಿದ್ರಾ?"

"ಅವಳಿಗೆಲ್ಲಿ ಪುರುಸೊತ್ತು ಮೇಡಂ, ರಾಗಿ ಹೊಲದಲ್ಲಿ ಕಳೆ ಐತೆ. ಅವಳದ್ದೂ ನಾನೇ ಒತ್ತಿವ್ನಿ."

"'ನನ್ನ ಗಂಡ ನನ್ನ ಮಾತು ಕೇಳ್ತಾರಾ' ಅನ್ನೋದಕ್ಕೆ 'ಯಾವಾಗಲೂ' ಅಂತಿದೆಯಲ್ಲ?"

"ಹೂಂ. ಕೇಳೋನು ನಾನು ತಾನೇ? ನಂಗೇ ಗೊತ್ತಿರಲ್ವಾ!"

ಹೇಳಿದ್ದನ್ನು ಹೇಳುವುದು

ಮೂರನೇ ಪಾಠದಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹಾಗೇ ತಿರುಗಿ ಹೇಳಬೇಕು. ಬಸ್ತಿಹಳ್ಳಿಯ ಹೊಸ ಜೋಡಿಗೆ ವಿಡಿಯೋ ಕಾಲಿನಲ್ಲೇ ಮಾಡಿಸಿದೆ.

ಹುಡುಗಿ ಮೆಲ್ಲಗೆ ಅಂದಳು: "ನಿಮ್ಮಮ್ಮ ಎದುರಿಗಿದ್ರೆ ನೀವು ನನ್ನ ಕಡೆ ತಿರುಗೂ ನೋಡಲ್ಲ."

ಹುಡುಗ ತಿರುಗಿ ಹೇಳಿದ: "ಅಮ್ಮ ಮನೇಲಿ ಇರಬಾರದು ಅಂತಿದಾಳೆ ಮೇಡಂ."

"ಅಲ್ಲ, ಇನ್ನೊಂದ್ಸಲ," ಅಂದೆ. ಅವಳು ಅದೇ ಮಾತು ಹೇಳಿದಳು.

"ಅಮ್ಮನ್ನ ಊರು ಬಿಡಿಸು ಅಂತಿದಾಳೆ."

ಹುಡುಗಿ ಅಳೋದಕ್ಕೇ ಶುರುಮಾಡಿದಳು. ಅಷ್ಟರಲ್ಲಿ ಒಳಗಿಂದ ಅತ್ತೆಯ ದನಿ: "ಅವಳು ಸರಿಯಾಗೇ ಹೇಳ್ತಾವ್ಳೆ ಕಣೋ! ನಿಮ್ಮಪ್ಪನಿಗೆ ನಾನೂ ಇದನ್ನೇ ಹೇಳ್ತಾ ಬಂದಿವ್ನಿ, ಮೂವತ್ತು ವರ್ಷದಿಂದ!"

ಮನಸ್ಸು ಬಿಚ್ಚುವ ಗಂಡಸು

ಕಲಿಸೋರೂ ಕಲಿಯಬೇಕು ಅಂತ ಆಫೀಸಿನಲ್ಲಿ ಆರ್ಡರ್ ಆಯಿತು. ನಮ್ಮ ಮನೆಯವರಿಗೆ ಅರಸೀಕೆರೆಯಲ್ಲಿ ಕೆಲಸ, ದಿನಾ ಹೋಗಿಬರ್ತಾರೆ. ಮನೆಯಲ್ಲಿ ಅವರ ಮಾತು "ಊಟ ಆಯ್ತಾ", "ಬಾಗಿಲು ಹಾಕ್ಕೋ", ಅಷ್ಟೇ. ನಾಲ್ಕು ವರ್ಷದಿಂದ ಅಷ್ಟೇ. ಇದರಿಂದಲಾದರೂ ಏನಾದರೂ ಆದೀತು ಅಂತ ಇಬ್ಬರ ಹೆಸರೂ ಕೊಟ್ಟೆ. ಅವರಿಗೆ ಫೋನ್ ಮಾಡೋ ಕೆಲಸ ನನ್ನ ಪಕ್ಕದ ಕುರ್ಚಿಯವಳ ಪಾಲಿಗೆ ಬಂತು.

ಮೊದಲನೇ ದಿನವೇ ಮುಕ್ಕಾಲು ಗಂಟೆ ಮಾತು. ಇವಳು ನಗ್ತಾಳೆ, ಒಮ್ಮೆ ಕಣ್ಣೂ ಒರೆಸಿಕೊಂಡಳು. ಆಮೇಲೆ ಫೋನಿಗೆ ಕೈ ಅಡ್ಡ ಇಟ್ಟು, "ಇಷ್ಟು ಮನಸ್ಸು ಬಿಚ್ಚಿ ಮಾತಾಡೋ ಗಂಡಸನ್ನ ನಾನು ನೋಡೇ ಇಲ್ಲ ಕಣೇ, ಪುಣ್ಯ ಮಾಡಿದೀಯ!" ಅಂದಳು.

ತಡೆಯಲಾರದೆ ಫೋನ್ ಕಿತ್ತುಕೊಂಡೆ.

"ರೀ, ನಾನು."

ಆ ಕಡೆಯಿಂದ ಗಂಟಲು ಸರಿಮಾಡಿಕೊಂಡು ಕೇಳಿದರು: "ಬೆಳಗ್ಗೆ ಹೊರಡುವಾಗ ನೀರಿನ ಮೋಟರ್ ಆಫ್ ಮಾಡಿದ್ಯಾ?"

ಮಾಡಿರಲಿಲ್ಲ.