ಹುಬ್ಬಳ್ಳಿ ಬಸ್ಸೇರಿದ ಎದೆನೋವಿನ ರಕ್ತ

ಸೂಜಿ ಹಿಡಿದವನ ಮುಂದೆ ಯಾರೂ ನಗುವುದಿಲ್ಲ. ಆದರೂ ನಗೆಯ ಪ್ರಸಂಗಗಳು ನನ್ನನ್ನು ಊರಿಂದೂರಿಗೆ ಹುಡುಕಿಕೊಂಡು ಬರುತ್ತಲೇ ಇದ್ದವು. ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ನಾನು ಹಾನಗಲ್ಲ, ಹಿರೇಕೆರೂರ, ಸವಣೂರ, ಶಿಗ್ಗಾಂವಿಗಳಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದೆ. ಹೃದಯಕ್ಕೆ ಪೆಟ್ಟು ಬಿದ್ದರೆ ಅದರ ಸ್ನಾಯುವಿನೊಳಗಿನ ಕೆಲವು ಪ್ರೋಟೀನುಗಳು ರಕ್ತಕ್ಕೆ ಸೋರುತ್ತವೆ. ಹೆಚ್ಚು ಸೋರಿದರೆ ಪೆಟ್ಟು ದೊಡ್ಡದು. ಏರಿದ್ದು ಇಳಿಯುತ್ತ ಬಂದರೆ ರೋಗಿ ಬಚಾವಾಗುವ ಲಕ್ಷಣ. ಅದನ್ನು ಅಳೆಯುವ ಸೌಕರ್ಯ ನಮ್ಮಲ್ಲಿರಲಿಲ್ಲ. ರಕ್ತ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಬೇಕು. ಉತ್ತರ ಬರುವತನಕ ರೋಗಿಯ ಬಳಗವೆಲ್ಲ ನನ್ನ ಬಾಗಿಲಲ್ಲೇ.

ಕೊಟ್ಟ ಮಾತು

ನಾನಾಗ ಹಾನಗಲ್ಲಿನಲ್ಲಿದ್ದೆ. ಆಡೂರಿನ ರೈತನೊಬ್ಬ ಅಕ್ಕಿಆಲೂರು ಸಂತೆಯಿಂದ ನೇರ ಎದೆ ಹಿಡಿದುಕೊಂಡು ಬಂದ. ತಾನಿನ್ನು ಉಳಿಯುವುದಿಲ್ಲ ಅಂತ ಹೆಂಡತಿಯ ಕೈ ಹಿಡಿದು, "ನಿಮ್ಮವ್ವನ್ನ ಕರ್ಕೊಂಬಾ. ಇನ್ನ ಮ್ಯಾಲೆ ನಮ್ಮನ್ಯಾಗ ಇರ್ಲಿ. ನಾ ಏನೂ ಅನ್ನೂದಿಲ್ಲ" ಅಂದ. ಆ ಅತ್ತೆಯ ಜೊತೆ ಅವನು ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೆಂಡತಿ ಗೊಳೋ ಎಂದು ಅತ್ತಳು.

ಹುಬ್ಬಳ್ಳಿಯಿಂದ ಉತ್ತರ ಬಂತು. ಹೃದಯಕ್ಕೆ ಏನೂ ಆಗಿಲ್ಲ.

"ಸಂತ್ಯಾಗ ಏನ್ ತಿಂದಿ?" ಡಾಕ್ಟರು ಕೇಳಿದರು.

"ಮಿರ್ಚಿ ಬಜಿರಿ."

"ಎಷ್ಟು?"

"ಎಣಿಸಿಲ್ರೀ."

ಹೆಂಡತಿ ದೇವರಿಗೆ ಕೈ ಮುಗಿದು, ಅಲ್ಲಿಂದಲೇ ತಾಯಿಯನ್ನು ಕರೆತರಲು ತವರಿನ ಬಸ್ಸು ಹತ್ತಿದಳು. ಇವನು ಮೆಲ್ಲಗೆ ನನ್ನ ಹತ್ತಿರ ಬಂದ. "ಸರ, ಇನ್ನೊಮ್ಮೆ ನೋಡ್ರಲಾ. ಒಂಚೂರರೆ ಹಾರ್ಟ್ ಅಟ್ಯಾಕ್ ಇದ್ದರ, ಮನ್ಯಾಗ ಹೆಚ್ಚಿನ ಮಂದಿ ಇರಬಾರ್ದು ಅಂತ ಡಾಕ್ಟರ ಕಡಿಂದ ಹೇಳಸಬಹುದು!"

ವಾಪಸ್ ಕೊಡು

ಹಿರೇಕೆರೂರಿಗೆ ಅಬಲೂರಿನಿಂದ ಬಂದಿದ್ದ ಅಜ್ಜಿಗೆ ನಿಜವಾಗಿಯೇ ಹೃದಯಾಘಾತವಾಗಿತ್ತು. ದಿನವೂ ರಕ್ತ ತೆಗೆಯುತ್ತಿದ್ದೆ, ದಿನವೂ ಬೈಸಿಕೊಳ್ಳುತ್ತಿದ್ದೆ. ಕೊನೆಗೊಂದು ದಿನ ಓಡಿಹೋಗಿ, "ಅಜ್ಜಿ, ನಿಮ್ಮ ರಕ್ತ ಈಗ ಭಾಳ ಚಲೋ ಐತಂತ" ಅಂದೆ.

ಅಜ್ಜಿ ಕೈ ಚಾಚಿದಳು. "ಹಂಗಾರ ವಾಪಸ್ ಕೊಡು. ಕೆಟ್ಟಿದ್ರ ನೀನ ಇಟ್ಕೊ ಅಂತಿದ್ದೆ."

ಇಳದೈತಿ

ಸವಣೂರಿನಲ್ಲಿ ಒಬ್ಬ ವೀಳ್ಯದೆಲೆ ವ್ಯಾಪಾರಿ ಹೃದಯಾಘಾತವಾಗಿ ಮಲಗಿದ್ದ. ಆರೈಕೆಗೆ ಅವನ ಅಕ್ಕ. ಡಾಕ್ಟರು ಖುಷಿಯಿಂದ, "ರಕ್ತದಾಗ ಪ್ರೋಟೀನ್ ಇಳದೈತಿ, ಚಿಂತಿ ಬಿಡ್ರಿ" ಅಂದರು. ಅಕ್ಕನ ಕಿವಿಗೆ ಬಿದ್ದದ್ದು 'ಇಳದೈತಿ' ಅನ್ನುವತನಕ ಮಾತ್ರ.

ಸಂಜೆ ಡಾಕ್ಟರು ಬಂದು ನೋಡಿದರೆ ರೋಗಿಯ ಸುತ್ತ ಬೇಯಿಸಿದ ಮೊಟ್ಟೆ, ಶೇಂಗಾ ಉಂಡಿ, ಮೊಳಕೆ ಹೆಸರುಕಾಳು, ಚರಿಗೆ ತುಂಬ ಹಾಲು. ರೋಗಿಯ ಬಾಯಿ ತುಂಬಿತ್ತು, ಮಾತಾಡಲು ಬರುತ್ತಿರಲಿಲ್ಲ.

"ಏನಿದು?"

"ನೀವ ಇಳದೈತಿ ಅಂದ್ರಲ್ರಿ, ಏರಸಾಕತ್ತೇವ್ರಿ!"

"ಯವ್ವಾ, ಅದು ಇಳೀಬೇಕಾದ್ದ! ಇಳದದ್ದಕ್ಕ ನಿನ್ನ ತಮ್ಮ ಉಳದಾನ!"

ಅಕ್ಕ ಅಲ್ಲೇ ಕುಸಿದು ಕೂತು, ಸೆರಗು ಬಾಯಿಗಿಟ್ಟುಕೊಂಡು ಅಳುತ್ತಲೇ ನಕ್ಕಳು. ಆಮೇಲೆ ತಂದದ್ದನ್ನೆಲ್ಲ ವಾರ್ಡಿನವರಿಗೆ ಹಂಚಿದಳು. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದವನು ಬಾಯಿ ಒರೆಸಿಕೊಂಡು ಹೇಳಿದ: "ಅಕ್ಕಾರ, ನಂದೂ ಇಳದೈತ್ರಿ. ನಾಳಿಕ್ಕೂ ಬರ್ರಿ."

ಕೆಂಪು ಥರ್ಮಾಸು

ಶಿಗ್ಗಾಂವಿಯಲ್ಲಿ ಒಬ್ಬ ಕಮ್ಮಾರನ ಮೊದಲ ವರದಿ ನೋಡಿ ಡಾಕ್ಟರ ಮುಖ ಕಪ್ಪಿಟ್ಟಿತ್ತು. ಅಷ್ಟು ಏರಿತ್ತು. ಎರಡನೆಯ ಸಲದ ರಕ್ತ ಏನು ಹೇಳುತ್ತದೋ ಅಂತ ಎಲ್ಲರಿಗೂ ದಿಗಿಲು. ರಕ್ತದ ಸೀಸೆಗೆ ರೋಗಿಯ ಹೆಸರು, ಲ್ಯಾಬಿನ ಹೆಸರು ಬರೆದ ಚೀಟಿ ಅಂಟಿಸಿ, ಐಸು ತುಂಬಿದ ಕೆಂಪು ಥರ್ಮಾಸಿನಲ್ಲಿಟ್ಟು ನಾನೇ ಹೊರಟೆ. ಕಮ್ಮಾರನ ಹೆಂಡತಿ, "ಇಲ್ಲಿ ಕುಂತ್ರ ನನ್ನ ಜೀವ ಹೋಗ್ತೈತ್ರಿ" ಅಂತ ಮಗನನ್ನು ಗಂಡನ ಹತ್ತಿರ ಕೂರಿಸಿ ನನ್ನ ಜೊತೆ ಬಂದಳು.

ಬಸ್ಸಿನಲ್ಲಿ ನನ್ನ ಪಕ್ಕ ಪಟಗಾ ಸುತ್ತಿದ ಯಜಮಾನರೊಬ್ಬರು ಕೂತರು. ಮಗನಿಗೆ ಹೆಣ್ಣು ನೋಡಲು ಹುಬ್ಬಳ್ಳಿಗೆ ಹೊರಟಿದ್ದರಂತೆ. ಹೊರಗಿನ ಚಹಾ ಹೊಟ್ಟೆಗೆ ಆಗದು ಅಂತ ಮನೆಯ ಕಷಾಯವನ್ನೇ ತಂದಿದ್ದರು. ಅವರದೂ ಕೆಂಪು ಥರ್ಮಾಸು.

ಹುಬ್ಬಳ್ಳಿಯ ಲ್ಯಾಬಿನವರು ನಾನು ಕೊಟ್ಟ ಥರ್ಮಾಸಿನ ಮುಚ್ಚಳ ತೆಗೆದರು. ಹಬೆ ಎದ್ದಿತು. ಮೂಸಿ ನೋಡಿ ಕೇಳಿದರು: "ನಿಮ್ಮ ಪೇಷಂಟಿಗೆ ಎದಿನೋವೋ, ನೆಗಡಿಯೋ? ಶುಂಠಿ ವಾಸನಿ ಬರಾಕತ್ತೈತಲ್ರೀ!"

ಬಸ್ಸಿನಲ್ಲಿ ಥರ್ಮಾಸು ಅದಲುಬದಲಾಗಿತ್ತು. ಕಮ್ಮಾರನ ಹೆಂಡತಿ ಗೋಡೆಗೆ ಒರಗಿಬಿಟ್ಟಳು. ಊರು ಗೊತ್ತಿಲ್ಲದ, ಹೆಸರು ಗೊತ್ತಿಲ್ಲದ ಯಜಮಾನರನ್ನು ಇಷ್ಟು ದೊಡ್ಡ ಹುಬ್ಬಳ್ಳಿಯಲ್ಲಿ ಎಲ್ಲಿ ಹುಡುಕುವುದು?

ಅಷ್ಟರಲ್ಲಿ ಅಂಗಳಕ್ಕೊಂದು ಸ್ಕೂಟರ್ ಬಂತು. ಹಿಂದೆ ಥರ್ಮಾಸು ತಬ್ಬಿಕೊಂಡು ಕೂತಿದ್ದವರು ಅದೇ ಯಜಮಾನರು. ಮುಂದೆ ಹೆಣ್ಣಿನ ಅಪ್ಪ. ಹೆಣ್ಣಿನ ಮನೆಯಲ್ಲಿ ಇವರು ಕಷಾಯ ಬಗ್ಗಿಸಿಕೊಳ್ಳಲು ಹೋದರೆ ಬಟ್ಟಲಿಗೆ ಐಸು ಬಿತ್ತಂತೆ, ಹಿಂದೆಯೇ ರಕ್ತದ ಸೀಸೆ. ಹೆಣ್ಣಿನ ಅಪ್ಪ ಚೀಟಿಯಲ್ಲಿ ಲ್ಯಾಬಿನ ಹೆಸರು ಓದಿ ಸ್ಕೂಟರ್ ಹತ್ತಿಸಿಕೊಂಡು ಬಂದಿದ್ದರು. ಪುಣ್ಯಕ್ಕೆ ಐಸು ಇನ್ನೂ ಕರಗಿರಲಿಲ್ಲ.

ಪರೀಕ್ಷೆ ಆಯಿತು. ಅವರಿಬ್ಬರೂ ಹೋಗದೆ ಕಾದರು. ಲ್ಯಾಬಿನವರು ಹೊರಬಂದು, "ಅರ್ಧಕ್ಕರ್ಧ ಇಳದೈತ್ರಿ. ಗಂಡಾಂತರ ದಾಟಿದಂಗ" ಅಂದರು. ಕಮ್ಮಾರನ ಹೆಂಡತಿ ಇಬ್ಬರು ಹಿರಿಯರ ಕಾಲಿಗೂ ಬಿದ್ದಳು.

ನನಗೆ ಹೋದ ಉಸಿರು ಬಂದಂತಾಯಿತು. ಆದರೆ ಶುಭಕಾರ್ಯದ ನಡುವೆ ರಕ್ತ ಕಾಣಿಸಿತಲ್ಲ ಅಂತ ಅಳುಕು. ಹೆಣ್ಣಿನ ಅಪ್ಪನನ್ನು ಕೇಳಿಯೇಬಿಟ್ಟೆ: "ಯಜಮಾನ್ರ, ಇದರಿಂದ ಸಂಬಂಧ ಏನೂ ಕೆಡ್ಲಿಲ್ಲಲ್ರೀ?"

ಅವರು ಸ್ಕೂಟರಿಗೆ ಕಿಕ್ ಹೊಡೆಯುತ್ತ ನಕ್ಕರು.

"ಕೆಡೂದೆಲ್ಲಿ ಬಂತ್ರೀ? ಜಾತಕ ಕೂಡಸೂದಕ್ಕಿಂತ ಮೊದಲ ರಕ್ತಸಂಬಂಧ ಆಗಿಹೋತಲ್ಲ!"