ಮಾವನ ಕಾಪಿರೈಟ್ ಜಗಳ

ನಮ್ಮ ಸೋದರಮಾವ ಜಗಳಗಂಟರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚಾಮರಾಜಪುರಂನಲ್ಲಿ ಯಾರನ್ನು ಬೇಕಾದರೂ ಕೇಳಿ, ಸೊಪ್ಪಿನವಳ ಹತ್ತಿರ ಕೂಡ ಅವರು ದನಿ ಎತ್ತರಿಸಿದವರಲ್ಲ. ಅವರ ಜಗಳವೇನಿದ್ದರೂ ನೇರವಾಗಿ ದಿಲ್ಲಿಯ ಜೊತೆ, ಅದೂ ಕಾಪಿರೈಟ್ ಕಾನೂನಿನ ವಿಷಯಕ್ಕೆ!

ಶುರುವಾದದ್ದು ಅತ್ತೆಯ ಹಾಡಿನಿಂದ. ದಸರೆಗೆ ಗೊಂಬೆ ಕೂರಿಸಿದಾಗ ಅತ್ತೆ ಆರತಿ ಹಾಡು ಹೇಳಿ, ಬಂದ ಮಕ್ಕಳಿಗೆಲ್ಲ ಚರಪು ಅಂತ ತಿಂಡಿ ಹಂಚುತ್ತಿದ್ದರು. ಒಂದು ವರ್ಷ ಮಾವ ಅದನ್ನು ಟೇಪ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಟಿದ್ದರು. ಅತ್ತೆ ತೀರಿಕೊಂಡ ಮೇಲೆ, ಗೊಂಬೆಗಳ ಫೋಟೋ ಜೊತೆ ಇಂಟರ್‌ನೆಟ್ಟಿಗೆ ಏರಿಸಿದರು. ಆಮೇಲೆ ಕ್ಯಾಸೆಟ್ಟಿಗೆ ಬೂಸಲು ಹಿಡಿಯಿತು, ಕಂಪ್ಯೂಟರೂ ಕೈಕೊಟ್ಟಿತು. ಉಳಿದದ್ದು ಅದೊಂದೇ ಪ್ರತಿ. ಒಂದು ಬೆಳಗ್ಗೆ ನೋಡಿದರೆ ಫೋಟೋ ಇದೆ, ದನಿ ಇಲ್ಲ! ಅದು ಯಾವುದೋ ಕಂಪನಿಯ ಹಾಡಂತೆ, ಹಕ್ಕು ಅವರದಂತೆ.

“ಆ ಹಾಡು ನಿಮ್ಮಜ್ಜಿ ಹೇಳ್ಕೊಟ್ಟಿದ್ದು ಕಣೋ! ಈ ಕಂಪನಿಯೋರು ನಮ್ಮನೆ ಗೊಂಬೆ ಆರತಿಗೆ ಯಾವಾಗ್ ಬಂದಿದ್ರು? ಚರಪು ಇಸ್ಕೊಂಡ್ ತಿಂದಿದ್ರಾ?”

ಅದೇ ಹೊತ್ತಿಗೆ ದಿಲ್ಲಿಯಲ್ಲಿ ಇನ್ನೂ ಬಿಗಿಯಾದ ಕಾಪಿರೈಟ್ ಕಾನೂನಿನ ಕರಡು ಬಂತು. ದೂರು ಬಂದರೆ ಸಾಕು, ಮೊದಲು ತೆಗೆದುಹಾಕು, ವಿಚಾರಣೆ ಆಮೇಲೆ! ಮಾವ ಅದರ ವಿರುದ್ಧ ಮನವಿಪತ್ರ ಬರೆದು ಸಹಿ ಹಾಕಿಸಲು ಪಾರ್ಕಿಗೆ ಹೊರಟರು, ಪೆನ್ನು ಹಿಡಿದು ಹಿಂದೆ ನಾನು.

“ಏನ್ ಸಾರ್, ಬೀದಿದೀಪದ್ದಾ?” ಎಂದರು ವಾಕಿಂಗ್ ಬಂದಿದ್ದ ಹಿರಿಯರೊಬ್ಬರು.

“ಅಲ್ಲ ಕಣ್ರೀ. ನಮ್ಮ ಹಾಡು, ನಮ್ಮ ದನಿ, ನಮ್ಮ ಹಕ್ಕಿನ ವಿಷಯ.”

ಅರ್ಧ ಗಂಟೆ ಭಾಷಣವಾಯಿತು. ಹಿರಿಯರು ತಲೆದೂಗಿ ಸಹಿ ಹಾಕಿ, ಪಕ್ಕದಲ್ಲೇ ಬರೆದರು: “ಚರಂಡಿಯನ್ನೂ ಸೇರಿಸಿಕೊಳ್ಳಿ.” ಅದನ್ನು ಹೊಡೆದುಹಾಕಿ ಎಂದರೆ ಮಾವ ಕೇಳಲಿಲ್ಲ. “ಅವರು ಹೇಳಿದ್ದನ್ನ ಅಳಿಸೋಕೆ ನಾನ್ಯಾರೋ?”

ಹಾಗಂತ ಅವರು ಕದಿಯುವವರ ಪಕ್ಷವೇ? ಉಂಟೇ! ನಾನು ಒಂದು ಜೋಕು ಕಳಿಸಿದರೂ “ಬರೆದೋರ ಹೆಸರೆಲ್ಲೋ?” ಎಂದು ತಿರುಗಿ ಕೇಳುತ್ತಾರೆ.

ಕೊನೆಗೆ ದನಿ ತೆಗೆದುಹಾಕಿದವರಿಗೇ ಆಕ್ಷೇಪಣೆ ಸಲ್ಲಿಸಲು ಒಂದು ಅರ್ಜಿ ಸಿಕ್ಕಿತು. ಹಾಡು ನಿಮ್ಮದೆನ್ನಲು ಆಧಾರವೇನು? ಮಾವ ತುಂಬಿದರು: “ಎರಡನೇ ನುಡಿಯಾದ ಮೇಲೆ ಈಕೆ ಹಾಡು ನಿಲ್ಲಿಸಿ, ಒಲೆ ಮೇಲಿನ ಕಡಲೆಕಾಳು ಇಳಿಸಲು ಗಂಡನಿಗೆ ಹೇಳುತ್ತಾಳೆ. ನಿಮ್ಮ ಗಾಯಕಿಯೂ ಹೇಳಿದ್ದರೆ ಹಾಡು ನಿಮ್ಮದೇ.” ಓದಿ ನಾನು ಬಿದ್ದು ಬಿದ್ದು ನಕ್ಕೆ.

ಕಾನೂನಿನ ಕರಡು ಇನ್ನೂ ದಿಲ್ಲಿಯಲ್ಲೇ ಇದೆ. ಆದರೆ ಮೊನ್ನೆ ದನಿ ವಾಪಸು ಬಂತು! ಮಾವ ನನ್ನನ್ನು ಕರೆಸಿದರು. ನಡುಮನೆಯಲ್ಲಿ ಕೂತು ಕೇಳಿದೆವು. ಒಂದು ನುಡಿ ಮುಗಿಯಿತು, ಎರಡು ಮುಗಿಯಿತು. ಆಮೇಲೆ ಅತ್ತೆ:

“ರೀ, ಕಡಲೆಕಾಳು ಇಳಿಸ್ರೀ, ತಳ ಹಿಡಿಯುತ್ತೆ!”

“ಬಂದೆ ಕಣೇ” ಎನ್ನುತ್ತಾ ಮಾವ ಎದ್ದು ಅಡುಗೆಮನೆ ಬಾಗಿಲವರೆಗೂ ಹೋಗಿಬಿಟ್ಟಿದ್ದರು. ಮೂರನೇ ನುಡಿಯನ್ನು ಅಲ್ಲೇ ನಿಂತು, ನನ್ನ ಕಡೆ ತಿರುಗದೆ ಕೇಳಿದರು.