ಗಿಟಾರಿಗೊಂದು ಪರಿಚಯ ಭಾಷಣ

ನನಗೆ ಸಿಗರೇಟಿನ ಚಟವಿಲ್ಲ, ಇಸ್ಪೀಟಿನ ಚಟವಿಲ್ಲ, ಇರುವುದು ಮೈಕಿನ ಚಟ ಒಂದೇ. ಬೇರೆ ಚಟಕ್ಕೆ ಬಿದ್ದವರನ್ನು ಮನೆಯವರು ಬೈದೋ ಬೇಡಿಯೋ ಬಿಡಿಸುತ್ತಾರೆ. ಈ ಚಟಕ್ಕೆ ಬಿದ್ದವನಿಗೆ ಊರಿನವರೇ ಶಾಲು ಹೊದಿಸಿ ಕುಮ್ಮಕ್ಕು ಕೊಡುತ್ತಾರೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಾದ್ದರಿಂದ ಬಸವೇಶ್ವರನಗರದ ನಮ್ಮ ಸುತ್ತಮುತ್ತ ಯಾವ ಪುಸ್ತಕ ಬಿಡುಗಡೆಯಾದರೂ ‘ಕೃತಿ ಪರಿಚಯ’ ನನ್ನ ಪಾಲಿಗೇ ಬರುತ್ತದೆ. ಪರಿಚಯ ಮಾಡುವವನು ಕೃತಿಯನ್ನು ಓದಿರಲೇಬೇಕೆಂಬ ನಿಯಮವೇನೂ ಇಲ್ಲ. ಮುನ್ನುಡಿ, ಬೆನ್ನುಡಿಗಳ ಮೇಲೆ ಕಣ್ಣಾಡಿಸಿದರೆ ಸಾಕು, ಉಳಿದದ್ದನ್ನು ಮೈಕೇ ನೋಡಿಕೊಳ್ಳುತ್ತದೆ. ಒಮ್ಮೆ ಒಂದು ಅಡುಗೆ ಪುಸ್ತಕವನ್ನು ಕಾದಂಬರಿಯೆಂದು ಭಾವಿಸಿ, ‘ಬದುಕಿನ ಹುಳಿಖಾರಗಳನ್ನು ಲೇಖಕಿ ಹದವಾಗಿ ಬೆರೆಸಿದ್ದಾರೆ’ ಎಂದುಬಿಟ್ಟಿದ್ದೆ. ಆಕೆ ಇಂದಿಗೂ ದಾರಿಯಲ್ಲಿ ಸಿಕ್ಕಿದರೆ ಆ ಮಾತನ್ನು ನೆನೆದು ಸಂತೋಷಪಡುತ್ತಾರೆ.

ಇಂಥ ನನ್ನ ಮನೆಯ ಮಹಡಿಗೆ ಬಾಡಿಗೆಗೆ ಬಂದವನು ಗದಗಿನ ಈರಣ್ಣ. ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇಥ್ ಮೆಷಿನ್ ನಡೆಸುತ್ತಾನೆ, ಬಿಡುವಿನಲ್ಲಿ ಗಿಟಾರ್ ನುಡಿಸುತ್ತಾನೆ. ಊರಿನಲ್ಲಿ ಅವನ ಸೋದರಮಾವ ಮದುವೆ, ಉರುಸುಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುತ್ತಿದ್ದರಂತೆ. ಹೊಸ ಸ್ಪೀಕರ್ ಬಂದಾಗ ಹಾಕಿ ನೋಡಲು ಅವರ ಹತ್ತಿರ ಎಲ್ಲಿಂದಲೋ ಬಂದ ಹಳೆಯ ಇಂಗ್ಲಿಷ್ ರಾಕ್ ಕ್ಯಾಸೆಟ್ಟುಗಳಿದ್ದವು. ಮಾವ ಸ್ಪೀಕರಿನ ಗುಣ ನೋಡಿದರು, ಅಳಿಯ ಹಾಡಿಗೆ ಮರುಳಾದ. ಆ ಹುಚ್ಚು ಬೆಳೆದು ಈಗ ಮೂವರು ಗೆಳೆಯರ ಜೊತೆ ಸೇರಿ, ಭಾನುವಾರಗಳನ್ನೆಲ್ಲ ಸುರಿದು, ಒಂದು ಹೊಸ ಆಲ್ಬಂ ಮಾಡಿದ್ದ. ಹೆಸರು ‘ತಗಡಿನ ನೆರಳು’. ಹಾಡುಗಳೆಲ್ಲ ಕನ್ನಡದವು, ರೀತಿ ಮಾತ್ರ ಆ ಹಳೆಯ ಕ್ಯಾಸೆಟ್ಟುಗಳದು. ರಾಕ್ ಎಂದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕಾದ ಸಂಗೀತವೆಂದು ತಿಳಿದಿದ್ದ ನಾನು, ಮಹಡಿಯಿಂದ ಕಿವಿಗೆ ಬೀಳುತ್ತಿದ್ದ ತುಣುಕುಗಳಲ್ಲಿ ಗಲಾಟೆಗಿಂತ ರಾಗವೇ ಹೆಚ್ಚಿರುವುದೇಕೆ ಎಂದು ಕೇಳಿದೆ.

“ದಿನಾ ಪೂರ್ತಿ ಲೇಥಿನ ಸಪ್ಪಳ ಕೇಳ್ತೀನ್ರಿ ಸರ. ಸಂಜೀಗೆ ಮತ್ತ ಸಪ್ಪಳ ಮಾಡಾಕ ನನಗೇನು ಹುಚ್ಚೇನ್ರಿ?” ಎಂದ.

ಅವನ ಸಂಕಟ ಬೇರೆಯೇ ಇತ್ತು. ಹಾಡುಗಳನ್ನು ಫೋನಿನಲ್ಲಿ ಕೇಳುವಂತೆ ಹಾಕಿದ್ದಾಗಿತ್ತು. ಕೇಳಿದವರು ಅರ್ಧಕ್ಕೇ ಬೆರಳಾಡಿಸಿ ಮುಂದಕ್ಕೆ ಹೋಗುತ್ತಿದ್ದರು. ನಗರದ ಆಚೆ ತುದಿಯ ಒಂದು ಹೋಟೆಲಿನಲ್ಲಿ ನುಡಿಸಲು ಕರೆದಿದ್ದರು, ಅಲ್ಲಿ ಹಾಡಿಗಿಂತ ಚಮಚಗಳ ಸದ್ದೇ ಜೋರಾಗಿತ್ತಂತೆ. ಆಲ್ಬಮ್ಮಿನ ಕೊನೆಯ ಹಾಡು ‘ಕಡೇ ಪಾಳಿ’ ಅವನ ಪ್ರಾಣ. ಉದ್ದನೆಯ ಹಾಡು, ನಡುವೆ ಮಾತು ನಿಂತು ಗಿಟಾರೊಂದೇ ಬಹಳ ಹೊತ್ತು ಹಾಡಿಕೊಳ್ಳುತ್ತದೆ. ಒಂದೇ ಒಂದು ಸಲ ನಾಲ್ಕು ಜನ ಸುಮ್ಮನೆ ಕೂತು ಅದನ್ನು ಪೂರ್ತಿ ಕೇಳಬೇಕು, ಅಷ್ಟೇ ಅವನ ಆಸೆ. ನಮ್ಮ ನೆರೆಹೊರೆ ಬಳಗದ ತಿಂಗಳ ಕಾರ್ಯಕ್ರಮ ಪಾರ್ಕಿನ ಹಿಂದಿನ ಸಭಾಂಗಣದಲ್ಲಿ ನಡೆಯುತ್ತದೆ, ಅದಕ್ಕೆ ನಾನೇ ಕಾರ್ಯದರ್ಶಿ. “ಅಲ್ಲೇ ಮಾಡೋಣ, ಆದ್ರೆ ಕ್ರಮವಾಗಿ ಮಾಡೋಣ” ಎಂದೆ.

ಕ್ರಮವೆಂದರೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಲೋಕಾರ್ಪಣೆ, ಕೃತಿ ಪರಿಚಯ, ಅಧ್ಯಕ್ಷರ ಮಾತು. ಲೋಕಾರ್ಪಣೆಯಲ್ಲೊಂದು ತೊಡಕು ಬಂತು. ಈ ಕಾಲದ ಆಲ್ಬಮ್ಮಿಗೆ ದೇಹವಿಲ್ಲ, ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಲು ಏನಾದರೂ ಬೇಕಲ್ಲ? ಕೊನೆಗೆ ಒಂದು ಪೆನ್‌ಡ್ರೈವನ್ನು ನನ್ನ ಹೆಂಡತಿ ವಿಮಲಳ ರೇಷ್ಮೆ ಸೀರೆಯ ಡಬ್ಬಿಯಲ್ಲಿಟ್ಟು ಪ್ಯಾಕ್ ಮಾಡಿದೆವು. ಅಧ್ಯಕ್ಷರು ಕಾಗದ ಹರಿದು, ಡಬ್ಬಿ ತೆಗೆದು, ಒಳಗೆ ಬಹಳ ಹೊತ್ತು ತಡಕಾಡಿ, ಸಿಕ್ಕಿದ್ದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಫೋಟೋಗೆ ನಿಂತದ್ದು ನಮ್ಮ ಬಳಗದ ಇತಿಹಾಸದಲ್ಲೇ ಮೊದಲು.

ಆದರೆ ನಿಜವಾದ ತೊಂದರೆ ಶುರುವಾದದ್ದು ಅದಕ್ಕೂ ಮೊದಲೇ, ನಾನು ಆ ಕೃತಿಯನ್ನು ಪೂರ್ತಿ ಕೇಳಿದ್ದರಿಂದ. ಆಲ್ಬಮ್ಮಿಗೆ ಮುನ್ನುಡಿಯೂ ಇರಲಿಲ್ಲ, ಬೆನ್ನುಡಿಯೂ ಇರಲಿಲ್ಲ, ಹಾಗಾಗಿ ಬೇರೆ ದಾರಿ ಕಾಣಲಿಲ್ಲ. ವಿಮಲಾ ಸುಲಿಯಲೆಂದು ಅವರೆಕಾಯಿ ಮುಂದಿಟ್ಟಿದ್ದಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತೆ. ‘ಕಡೇ ಪಾಳಿ’ ಬರುವ ಹೊತ್ತಿಗೆ ಕೈ ತಾನಾಗಿ ನಿಂತುಹೋಗಿತ್ತು. ಕೆಲಸ ಮುಗಿಸಿದವನೊಬ್ಬ ಮೆಷಿನ್ ಆರಿಸಿ, ಆ ದೊಡ್ಡ ನಿಶ್ಶಬ್ದದಲ್ಲಿ ಕೈ ತೊಳೆದುಕೊಳ್ಳುವ ಹಾಡು ಅದು. ಗಿಟಾರ್ ಒಂದೇ ಹಾಡತೊಡಗಿದಾಗ ನನ್ನ ಕಣ್ಣು ತುಂಬಿಬಂತು. ವಿಮಲಾ ಬಂದು ಹಾಗೇ ಬಿದ್ದಿದ್ದ ಅವರೆಕಾಯಿಯನ್ನೂ ನನ್ನ ಮುಖವನ್ನೂ ನೋಡಿ ತಾನೇ ಸುಲಿಯತೊಡಗಿದಳು. ಹಿಡಿಸದ ಕೃತಿಗಳ ಬಗ್ಗೆಯೇ ಅರ್ಧ ಗಂಟೆ ಮಾತಾಡಬಲ್ಲ ನಾನು ಹಿಡಿಸಿದ ಕೃತಿ ಸಿಕ್ಕಿದರೆ ಬಿಡುತ್ತೇನೆಯೇ?

ಬಿಡಲಿಲ್ಲ. ಸಭಾಂಗಣವನ್ನು ಎಂಟೂವರೆಗೆ ಖಾಲಿ ಮಾಡಬೇಕೆಂಬುದು ಎಲ್ಲರಿಗಿಂತ ಚೆನ್ನಾಗಿ ನನಗೇ ಗೊತ್ತಿತ್ತು, ಬುಕ್ ಮಾಡಿದವನೇ ನಾನು. ಆದರೂ ವೀಣೆಯಿಂದ ಹೊರಟು, ತತ್ವಪದದ ಏಕತಾರಿಯನ್ನು ಮುಟ್ಟಿ, ಕಂದ, ರಗಳೆಗಳಲ್ಲಿ ವಿಶ್ರಮಿಸಿ ಗಿಟಾರಿಗೆ ಬರುವಾಗ ಸಾಕಷ್ಟು ಹೊತ್ತಾಗಿತ್ತು. ‘ಕಡೇ ಪಾಳಿ’ಯ ಗಿಟಾರಿನ ಭಾಗವನ್ನಂತೂ ಕೈಯಾಡಿಸಿ, ಬಾಯಲ್ಲೇ ನುಡಿಸಿ ತೋರಿಸಿದೆ. ಜನ ಚಪ್ಪಾಳೆ ತಟ್ಟಿದರು. ಈರಣ್ಣನ ತಂಡದಲ್ಲಿ ಡ್ರಮ್ಸ್ ಬಾರಿಸುವ ಹುಡುಗಿ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ಗಡಿಯಾರವನ್ನೇ ನೋಡುತ್ತಿದ್ದಳು, ಅವಳಿಗೆ ಸಭಾಕಂಪವಿರಬೇಕೆಂದುಕೊಂಡೆ. ಅಧ್ಯಕ್ಷರು ನನ್ನ ಮಾತನ್ನು ಹೊಗಳಲು ಮತ್ತಷ್ಟು ಹೊತ್ತು ತೆಗೆದುಕೊಂಡರು. ತಂಡದವರು ಎರಡು ಪುಟ್ಟ ಹಾಡು ಮುಗಿಸಿದರು. ಈರಣ್ಣ ಕೊನೆಯ ಹಾಡಿಗೆ ತಂತಿ ಸರಿಮಾಡಿಕೊಳ್ಳುತ್ತಿದ್ದಾಗ ವಾಚ್‌ಮನ್ ಬಂದು ಸ್ವಿಚ್‌ಬೋರ್ಡಿನ ಹತ್ತಿರ ನಿಂತ. ಮರುದಿನದ ನಾಮಕರಣದ ಅಡುಗೆಯವರು ಸಿಲಿಂಡರ್ ಸಮೇತ ಬಾಗಿಲಲ್ಲಿ ಕಾಯುತ್ತಿದ್ದರು. ಈರಣ್ಣ ವೈರು ಸುತ್ತತೊಡಗಿದ.

ಹೊರಗೆ ಉಪ್ಪಿಟ್ಟಿನ ಸಾಲಿನಲ್ಲಿ ಎಲ್ಲರೂ ನನ್ನ ಕೈ ಕುಲುಕಿದರು. ಕೊನೆಯಲ್ಲಿ ಈರಣ್ಣನೂ ಬಂದ.

“ಭಾಳ ಚಂದ ಮಾತಾಡಿದ್ರಿ ಸರ. ಇಷ್ಟು ಕೇಳಿದ ಮ್ಯಾಲ ಇನ್ನ ಹಾಡು ಕೇಳೂದು ಏನೂ ಉಳಿದಿಲ್ಲ ಅಂತಾರ ಮಂದಿ” ಎಂದ. ದನಿಯಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾದರೂ ಆಗುತ್ತಿತ್ತು. ಉಪ್ಪಿಟ್ಟಿನ ತಟ್ಟೆಯನ್ನು ಹಾಗೇ ಕೆಳಗಿಟ್ಟೆ. ಮನೆಗೆ ಬಂದಾಗ ವಿಮಲಾ ಗೇಟಿನ ಚಿಲಕ ತೆಗೆಯುತ್ತಾ, “ನಿಮಗೆ ಇಷ್ಟ ಆಗಿದೆ ಅಂತ ಎಲ್ಲರಿಗೂ ಗೊತ್ತಾಯ್ತು ಕಣ್ರೀ. ಅವರಿಗೂ ಇಷ್ಟ ಆಗೋಕೆ ಸ್ವಲ್ಪ ಜಾಗ ಬಿಡಬೇಕಿತ್ತು” ಎಂದಳು.

ಅಂದು ನಾನು ನಿಜಕ್ಕೂ ನೊಂದೆ. ಮುಂದಿನ ಭಾನುವಾರ ನಮ್ಮ ತಾರಸಿಯ ಮೇಲೆ ಆ ಹಾಡನ್ನು ನುಡಿಸಬೇಕೆಂದು ಈರಣ್ಣನನ್ನು ಬೇಡಿಕೊಂಡೆ, ಮನೆಮನೆಗೂ ನಾನೇ ಹೋಗಿ ಕರೆದೆ. ಯಾರ ಭಾಷಣವೂ ಇರುವುದಿಲ್ಲ ಎಂದು ಹೇಳಿದಾಗ ಕೆಲವರು ನನ್ನದೂ ಇಲ್ಲವೇ ಎಂದು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡರು. ಸಭಾಂಗಣಕ್ಕೆ ಬಂದವರಿಗಿಂತ ಹೆಚ್ಚು ಜನ ತಾರಸಿಗೆ ಬಂದರು. ಚಾಪೆ ಸಾಲದೆ ಕೆಲವರು ನೀರಿನ ಟ್ಯಾಂಕಿಗೆ ಒರಗಿ ನಿಂತರು. ನಾನು ಬಾಯಿಗೆ ಬೀಗ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತೆ.

‘ಕಡೇ ಪಾಳಿ’ ಶುರುವಾಯಿತು. ಇಯರ್‌ಫೋನಿನಲ್ಲಿ ಕೇಳಿದ್ದು ಏನೂ ಅಲ್ಲವೆನಿಸಿತು. ಗಿಟಾರ್ ಒಂದೇ ಉಳಿದಾಗ ಮಕ್ಕಳೂ ಸುಮ್ಮನಾದರು. ನಾನು ಆ ಹಾಡಿಗೆ ಹೇಳಿದ್ದ ಯಾವ ವಿಶೇಷಣವೂ ನನಗೆ ನೆನಪಾಗಲಿಲ್ಲ. ಹಾಡು ಮುಗಿಯಿತು. ಯಾರೂ ತಕ್ಷಣ ಚಪ್ಪಾಳೆ ತಟ್ಟಲಿಲ್ಲ. ಈರಣ್ಣ ನೇರವಾಗಿ ನನ್ನ ಕಡೆ ನೋಡಿದ. ನಾನು ತುಟಿ ಬಿಗಿಹಿಡಿದಿದ್ದೆ. ಅವನ ಮುಖ ಸಪ್ಪಗಾಯಿತು.

“ಯಾಕ್ರಿ ಸರ, ಸುಮ್ನ ಕುಂತ್ರಿ? ಸೇರಲಿಲ್ಲೇನ್ರಿ?”

“ಚೆನ್ನಾಗಿತ್ತು” ಎಂದೆ. ನಾನು ಯಾವುದನ್ನೂ ಒಂದೇ ಪದದಲ್ಲಿ ಹೇಳಿದ್ದನ್ನು ಈ ಬೀದಿಯಲ್ಲಿ ಯಾರೂ ಕೇಳಿರಲಿಲ್ಲವಾದ್ದರಿಂದ ಯಾರೂ ನಂಬಲಿಲ್ಲ. ಈರಣ್ಣನಂತೂ ಗಿಟಾರ್ ಕೆಳಗಿಡಲು ಬಾಗಿದ. ವಿಮಲಾ ನನ್ನ ಮೊಣಕೈ ತಿವಿದು, “ಏಳಿ, ಏನಾದ್ರೂ ಹೇಳಿ” ಎಂದಳು. ಎದ್ದು ನಿಂತೆ. ಜೀವಮಾನದಲ್ಲಿ ಮೊದಲ ಸಲ ಜನ ನನ್ನ ಮಾತಿಗಾಗಿ ಕಾಯುತ್ತಿದ್ದರು, ನನ್ನ ವೀಣೆ, ಏಕತಾರಿಗಳೆಲ್ಲ ಎಲ್ಲಿಗೋ ಹೋಗಿದ್ದವು.

“ಈರಣ್ಣ, ಇನ್ನೊಂದ್ಸಲ ನುಡಿಸ್ತೀಯಾ?” ಎಂದಷ್ಟೇ ಅಂದು ಕೂತುಬಿಟ್ಟೆ. ಅವನು ಹುಡುಗನಂತೆ ನಕ್ಕು ಮತ್ತೆ ಗಿಟಾರ್ ಎತ್ತಿಕೊಂಡ, ತಾರಸಿಯೆಲ್ಲ ಚಪ್ಪಾಳೆಯಾಯಿತು.

ನಾನು ಮಾಡಿದ ಭಾಷಣಗಳಲ್ಲೆಲ್ಲ ಅದೇ ಶ್ರೇಷ್ಠವಾದದ್ದೆಂದು ನಮ್ಮ ಬೀದಿಯವರು ಈಗಲೂ ಹೇಳುತ್ತಾರೆ. ಹಾಗೆ ಹೇಳಿದವರನ್ನು ಅಲ್ಲೇ ನಿಲ್ಲಿಸಿಕೊಂಡು, ಆ ಮಾತು ನನಗೆ ಹೇಗೆ ಹೊಳೆಯಿತೆಂಬುದನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸದೆ ನಾನು ಬಿಡುವುದಿಲ್ಲ.